ಹಳೇ ಆರ್‌ಪಿಜಿಗೆ ಹೊಸಾ ಪಟ್ಟಿ: ರೊಕ್ಕ ಹಾಕ್ಲೇನ್ರಿ?

ಪ್ರಶ್ನೆ: ಸರ, ನಾನು ಸೇಡಂ ಕಡಿಯವ, ಸಿಮೆಂಟ್ ಫ್ಯಾಕ್ಟರಿಯಾಗ ಕೆಲಸ. 2001ರಾಗ ಗುಲಬರ್ಗಾದಾಗ ಡಿಪ್ಲೊಮಾ ಓದೋವಾಗ ಸೈಬರ್‌ನಾಗ ಕುಂತು ಬಾಲ್ಡರ್ಸ್ ಗೇಟ್, ಫಾಲೌಟ್ ಆಡೀನಿ, ಆ ಹುಚ್ಚು ಇನ್ನೂ ಬಿಟ್ಟಿಲ್ಲ. ಈಗ ಆ ಕಾಲದ ಮಂದಿನೇ ಕೂಡಿ ಅಂಥಾದ್ದೇ ಹಳೇ ನಮೂನಿ ಗೇಮ್ ಮಾಡ್ತೀವಿ ಅಂತ ಕಿಕ್‌ಸ್ಟಾರ್ಟರ್ ಅನ್ನೋ ವೆಬ್‌ಸೈಟಿನಾಗ ರೊಕ್ಕ ಕೇಳಾಕತ್ಯಾರ. 60 ಡಾಲರ್ ಕೊಟ್ರ ಡಬ್ಬಿ, ಬಟ್ಟಿ ಮ್ಯಾಲಿನ ನಕಾಶಾ ಎಲ್ಲಾ ಕಳಸ್ತಾರಂತ. ಹಾಕ್ಲೇನು? ಮೋಸ ಆಗ್ತದೇನು? ಹಳೇ ರುಚಿ ಬರ್ತದೇನು? ಎಂಟನೇ ಕ್ಲಾಸಿನ ಮಗನ ಸಂಗಟ ಕುಂತು ಆಡ್ಬೇಕಂತ ಆಸೆ ಅದ.

ಉತ್ತರ: ಅಣ್ಣಾರ, ನಡುವಿನ ಪ್ರಶ್ನೆ ಮೊದಲು ಮುಗಿಸ್ತೀನಿ. ಸೀದಾ ಮೋಸ, ಅಂದ್ರ ರೊಕ್ಕ ತಗೊಂಡು ಓಡಿಹೋಗೋದು, ಈ ಹಳೇ ಆರ್‌ಪಿಜಿ (ನಾವೇ ಒಂದು ಪಾತ್ರ ಆಗಿ ಕಥಿ ನಡಸೋ ಗೇಮ್) ಸಾಲಿನ ದೊಡ್ಡ ಹೆಸರಿನವರ ಕಡಿಂದ ಕಮ್ಮಿನೇ. ಆಗೋದು ಏನಂದ್ರ ವರ್ಷಗಟ್ಟಲೆ ತಡ ಆಗ್ತದ, ಹೇಳಿದ್ದರಾಗ ಸ್ವಲ್ಪ ಉದುರಿ ಹೋಗ್ತದ, ಇಲ್ಲಾ ಬಂದದ್ದು ನಿಮ್ಮ ಮನಸ್ಸಿನಾಗ ಕುಂತಿದ್ದ ಗೇಮಿನಂಗ ಇರಂಗಿಲ್ಲ. ನಿಮ್ಮೂರಾಗ ತೇರಿನ ಗಾಲಿ ಮುರುದ್ರ ಮನಿಮನಿಗೆ ಬಂದು ಪಟ್ಟಿ ಎತ್ತತಾರಲ್ರಿ, ಕಿಕ್‌ಸ್ಟಾರ್ಟರ್ ಅಂದ್ರ ಆ ಪಟ್ಟಿ. ಪಟ್ಟಿ ಕೊಟ್ಟವ ಗಾಲಿ ಖರೀದಿ ಮಾಡಿದಂಗ ಆಗಲ್ಲ, ಈ ಸಲದ ಜಾತ್ರಿಗೆ ತೇರು ಎಳೀಲಿಲ್ಲ ಅಂತ ರಸೀದಿ ಹಿಡ್ಕೊಂಡು ಹೋಗಿ ರೊಕ್ಕ ವಾಪಸ್ ಕೊಡ್ರಿ ಅನ್ನಾಕೂ ಬರಂಗಿಲ್ಲ. ಇದು ತಲಿಯಾಗ ಇಟ್ಕೊಂಡು ಮುಂದ ಓದ್ರಿ.

ನೀವು ಹೇಳೋ 2001 ನನಗೂ ಗೊತ್ತದ. ಆಗ ನಾನು ಸೂಪರ್ ಮಾರ್ಕೆಟ್ ಹತ್ರ ಒಂದು ಸೈಬರ್ ನೋಡ್ಕೋತಿದ್ದೆ, ಆರು ಮಷಿನ್, ಒಂದು ಟೇಬಲ್ ಫ್ಯಾನು, ಕರೆಂಟ್ ಹೋದ್ರ ಯುಪಿಎಸ್ ಕುಂಯ್ ಕುಂಯ್ ಅಂದ ಕೂಡ್ಲೇ ಎಲ್ಲಾ ಮಷಿನ್ನಿಂದ ಏ ಸೇವ್ ಮಾಡೋ ಸೇವ್ ಮಾಡೋ ಅಂತ ಗದ್ಲ (ಆಮ್ಯಾಲ ಹೈದರಾಬಾದಿಗೆ ಹೋಗಿ ಗೇಮ್ ಟೆಸ್ಟಿಂಗ್ ಕೆಲಸ ಮಾಡ್ದೆ, ಅದು ಬ್ಯಾರೆ ಕಥಿ). ಬಾಲ್ಡರ್ಸ್ ಗೇಟ್ 1998ರ ಡಿಸೆಂಬರ್‌ದಾಗ ಬಂದದ್ದು, 5 ಸಿಡಿ. ನಮ್ಮ ಹತ್ರ ಇದ್ದದ್ದು ಡುಪ್ಲಿಕೇಟ್, ಮಾರ್ಕರ್ ಪೆನ್ನಿಲೇ 1, 2, 3 ಅಂತ ಬರ್ದಿದ್ದು, ಅದರಾಗ ಮೂರನೇದ್ದಕ್ಕ ಗೀರು ಬಿದ್ದಿತ್ತು. ಒಂದು ಜಾಗದಿಂದ ಇನ್ನೊಂದಕ್ಕ ಹೊಂಟ್ರ ಮಷಿನ್ ಸಿಡಿ ಬದ್ಲಿ ಮಾಡು ಅಂತಿತ್ತು, ಮೂರನೇದ್ದು ಕೇಳ್ತು ಅಂದ್ರ ಎಲ್ಲಾರ ಎದಿ ಧಸಕ್, ಹೊರಗ ತಗದು ಹಾ ಅಂತ ಉಸಿರು ಬಿಟ್ಟು ಬನಿಯನ್ನಿಗೆ ಒರಸಿ ಮತ್ತ ಹಾಕೋದು, ದೇವರ ಮ್ಯಾಲ ಭಾರ. ಮಾತೆಲ್ಲಾ ಇಂಗ್ಲಿಷ್, ನಮ್ಮ ಹುಡುಗರಿಗೆ ಅಷ್ಟು ಓದಾಕ ಬರ್ತಿದ್ದಿಲ್ಲ, ಅದಕ್ಕ ಒಬ್ಬ ಪಾಲಿಟೆಕ್ನಿಕ್ ಹುಡುಗ ಶ್ರಾವಣದ ಪುರಾಣದಾಗ ಹೇಳ್ದಂಗ ಒಂದೊಂದೇ ಸಾಲು ಓದಿ ಅರ್ಧ ಕನ್ನಡ ಅರ್ಧ ಹಿಂದಿಯಾಗ ಅರ್ಥ ಬಿಡಸ್ತಿದ್ದ, ಹಿಂದ ನಿಂತ ನಾಕು ಮಂದಿ ಎರಡನೇ ಉತ್ತರ ಒತ್ತಲೇ, ಮೂರನೇದ್ದು ಒತ್ತಲೇ ಅಂತ ಬಡದಾಡ್ತಿದ್ರು. ತಾಸಿನ ರೊಕ್ಕ ಒಬ್ಬನದು, ಆಡೋದು ಐದು ಮಂದಿ.

ನೀವು ಕೇಳೋ ರುಚಿ ಇದೇ ಅಲ್ರಿ. ನಾನು ಏನು ಮಾತಾಡ್ದೆ ಅನ್ನೋದರ ಮ್ಯಾಲ ಕಥಿ ತಿರುಗೋದು, ಸ್ಪೇಸ್‌ಬಾರ್ ಒತ್ತಿ ಜಗಳ ನಿಲ್ಲಿಸಿ ಆರು ಮಂದಿಗೆ ಒಬ್ಬೊಬ್ಬರಿಗೂ ಕೆಲಸ ಹಚ್ಚೋದು. ಅದು ಸತ್ತದ್ದು ಯಾಕಂದ್ರ ಮಂದಿಗೆ ಬ್ಯಾಸರ ಆಗಿತ್ತು ಅಂತ ಅಲ್ಲೇ ಅಲ್ಲ, ಲೆಕ್ಕ ಬದ್ಲಾಯ್ತು. ಅಕ್ಷರದಾಗ ಇರೋ ಗೇಮಿನಾಗ ಹೊಸಾ ಒಂದು ಉತ್ತರ ಕೂಡಸಬೇಕಂದ್ರ ಬರೆಯೋವನ ಅರ್ಧ ತಾಸು ಖರ್ಚು, ಅದೇ ಪ್ರತಿ ಮಾತಿಗೂ ಧ್ವನಿ ಬೇಕಂದ್ರ ನಟ ಬೇಕು, ಸ್ಟುಡಿಯೋ ಬೇಕು, ಮುಖ ಅಲಗಾಡೋ ಆನಿಮೇಶನ್ ಬೇಕು, ನಾಕು ಭಾಷಾದಾಗ ಮಾರ್ತೀವಂದ್ರ ನಾಕು ಪಟ್ಟು. ಖರ್ಚು ಏರ್ತು ಅಂದ್ರ ಉತ್ತರಗಳು ಕಮ್ಮಿ ಆಗ್ತಾವ. ಜೊತಿಗೆ ಗೇಮಿಗೆ ರೊಕ್ಕ ಹಾಕಿ ಮಾರೋ ದೊಡ್ಡ ಪಬ್ಲಿಷರ್‌ಗಳ ಕಣ್ಣು ಟಿವಿಗೆ ಹಚ್ಚಿ ಆಡೋ ಕನ್ಸೋಲ್ ಮ್ಯಾಲ ಹೋಯ್ತು. ಪ್ಲೇನ್‌ಸ್ಕೇಪ್ ಟಾರ್ಮೆಂಟ್ (1999), ಐಸ್‌ವಿಂಡ್ ಡೇಲ್ (2000) ಮಾಡಿದ ಬ್ಲ್ಯಾಕ್ ಐಲ್ ಸ್ಟುಡಿಯೋ 2003ರ ಡಿಸೆಂಬರ್‌ದಾಗ ಬಾಗಿಲು ಹಾಕ್ತು, ಅಲ್ಲಿಯ ಮಂದಿ ಒಬ್ಬೊಬ್ರು ಒಂದೊಂದು ಕಡಿ ಹೋದ್ರು.

ಹತ್ತು ವರ್ಷ ಆ ಸಾಲು ಬೀಳು ಬಿದ್ದಿತ್ತು ನೋಡ್ರಿ. 2012ರ ಫೆಬ್ರುವರಿಯಾಗ ಡಬಲ್ ಫೈನ್ ಅನ್ನೋ ಕಂಪನಿ ಒಂದು ಅಡ್ವೆಂಚರ್ ಗೇಮಿಗೆ 4 ಲಕ್ಷ ಡಾಲರ್ ಕೇಳಿ 33 ಲಕ್ಷ ಎತ್ತಿತು, ಅದನ್ನ ನೋಡಿ ಎಲ್ಲಾರ ಕಣ್ಣು ತೆರೀತು. ಮರು ತಿಂಗಳೇ ಇನ್‌ಎಕ್ಸೈಲ್ ಕಂಪನಿಯ ಬ್ರಯನ್ ಫಾರ್ಗೋ ವೇಸ್ಟ್‌ಲ್ಯಾಂಡ್ 2 ಗೇಮಿಗೆ ಕೈ ಚಾಚಿದ, 1988ರ ಗೇಮಿನ ಎರಡನೇ ಭಾಗಕ್ಕ ವರ್ಷಗಟ್ಟಲೆ ಪಬ್ಲಿಷರ್ ಮನಿ ಅಲದು ಯಾರೂ ಕೊಟ್ಟಿದ್ದಿಲ್ಲ, 9 ಲಕ್ಷ ಕೇಳಿದ್ದಕ್ಕ 29 ಲಕ್ಷದ ಮ್ಯಾಲ ಬಂತು. ಅದೇ ವರ್ಷ ಸೆಪ್ಟೆಂಬರ್‌ದಾಗ ಅಬ್ಸಿಡಿಯನ್‌ದವರು, ಇವರಾಗ ಬ್ಲ್ಯಾಕ್ ಐಲ್‌ನ ಹಳೇ ಮಂದಿ ಭಾಳ, ಪ್ರಾಜೆಕ್ಟ್ ಎಟರ್ನಿಟಿ ಅಂತ ಇಟ್ರು. 11 ಲಕ್ಷ ಕೇಳಿದ್ದು ಒಂದು ದಿನದ ಆಸುಪಾಸಿನಾಗೇ ಬಂತು, ತಿಂಗಳು ಮುಗಿಯೋದ್ರಾಗ 39 ಲಕ್ಷ 86 ಸಾವಿರ ಡಾಲರ್, ಕೊಟ್ಟವರು 73 ಸಾವಿರದ ಮ್ಯಾಲ. ಆ ಸಾಲಿನಾಗ ನಾನೂ ಒಬ್ಬ, ನನ್ನ ಕಾರ್ಡಿಗೆ ಆಗ ಫಾರಿನ್ ಪೇಮೆಂಟ್ ಚಾಲೂ ಇದ್ದಿಲ್ಲ, ಹೈದರಾಬಾದಿನ ಕಾಕಾನ ಮಗನ ಕಾರ್ಡಿಲೇ ಹಾಕ್ಸಿದ್ದೆ, ಅವ ಏನಣ್ಣಾ ಇನ್ನಾ ಹುಟ್ಟದ ಎಮ್ಮಿಗೆ ಹಾಲಿನ ರೊಕ್ಕ ಕೊಡ್ತಿ ಅಂತ ನಕ್ಕಿದ್ದ.

ಈಗ 40 ಲಕ್ಷ ಡಾಲರ್ ಅಂದ್ರ ನಮಗ ಕುಬೇರನ ಗಂಟು ಕಂಡಂಗ ಕಾಣ್ತದ. ಲೆಕ್ಕ ಹಾಕ್ರಿ. ಕಿಕ್‌ಸ್ಟಾರ್ಟರ್‌ದವರು 5 ಪರ್ಸೆಂಟ್ ತಗೋತಾರ, ಕಾರ್ಡಿನ ಖರ್ಚು ಇನ್ನಾ 3-5 ಪರ್ಸೆಂಟ್, ಡಬ್ಬಿ ನಕಾಶಾ ಟೀ ಶರ್ಟ್ ಮಾಡಿ ಜಗತ್ತಿನ ಮೂಲಿ ಮೂಲಿಗೆ ಪಾರ್ಸಲ್ ಹಾಕೋದು ಬ್ಯಾರೆ, ಅದರ ಮ್ಯಾಲ ಟ್ಯಾಕ್ಸು. ಕೈಗೆ 34-35 ಲಕ್ಷ ಉಳೀತು ಅನ್ಕೋರಿ. ಅಮೆರಿಕಾದಾಗ ಒಬ್ಬ ಡೆವಲಪರ್‌ಗೆ ಪಗಾರ, ಆಫೀಸು, ಇನ್ಶುರೆನ್ಸ್ ಎಲ್ಲಾ ಹಿಡದು ತಿಂಗಳಿಗೆ ಸುಮಾರು 10,000 ಡಾಲರ್ ಅಂತ ಈ ಧಂಧೆದವರ ಬಾಯಿಲೆಕ್ಕ. ಮೂವತ್ತು ಮಂದಿ ಟೀಮಿಗೆ ತಿಂಗಳಿಗೆ 3 ಲಕ್ಷ. ವರ್ಷ ತುಂಬೋದ್ರಾಗ ಗಂಟು ಖಾಲಿ! ಆ ಗೇಮು ಪಿಲ್ಲರ್ಸ್ ಆಫ್ ಎಟರ್ನಿಟಿ ಅನ್ನೋ ಹೆಸರಿಲೇ ಬಂದದ್ದು 2015ರ ಮಾರ್ಚ್ 26ಕ್ಕ, ಅಂದ್ರ ರೊಕ್ಕ ಎತ್ತಿದ ಎರಡೂವರಿ ವರ್ಷಕ್ಕ. ಅದಕ್ಕ ಯಾರೇ ಬಂದು ಬರೇ ನಿಮ್ಮ ಪಟ್ಟಿ ರೊಕ್ಕದಾಗೇ 80 ತಾಸಿನ ಗೇಮ್ ಮಾಡ್ತೀವಿ ಅಂದ್ರ ನಂಬಬ್ಯಾಡ್ರಿ, ಉಳಿದ ರೊಕ್ಕ ಎಲ್ಲಿಂದ ಅಂತ ಕೇಳ್ರಿ. ಛಲೋ ಟೀಮಿನವರು ಇದನ್ನ ಮುಚ್ಚಿಡಂಗಿಲ್ಲ. ವೇಸ್ಟ್‌ಲ್ಯಾಂಡ್ 2ದವರು ಗೇಮ್ ಮುಗಿಯೋಕಿಂತ ಮೊದಲೇ, 2013ರ ಡಿಸೆಂಬರ್‌ದಾಗ, ಅರ್ಲಿ ಆಕ್ಸೆಸ್ ಅಂತ ಮಾರಾಟಕ್ಕ ಇಟ್ರು. ಲೇರಿಯನ್ ಅನ್ನೋ ಕಂಪನಿಯವರಿಗೆ ಡಿವಿನಿಟಿ ಒರಿಜಿನಲ್ ಸಿನ್ ಗೇಮಿಗೆ 2013ರಾಗ ಬಂದದ್ದು ಸಾಡೇ ಒಂಬತ್ತು ಲಕ್ಷಕ್ಕ ಸ್ವಲ್ಪ ಕಮ್ಮಿ, ಅದು ಒಟ್ಟು ಖರ್ಚಿನ ಒಂದು ಪಾಲು ಅಷ್ಟೇ. ಡಬಲ್ ಫೈನ್‌ದವರ ಗತಿ ನೋಡ್ರಿ, ಕೇಳಿದ್ದಕ್ಕಿಂತ ಎಂಟು ಪಟ್ಟು ಬಂದ್ರೂ ರೊಕ್ಕ ಸಾಲದೇ ಗೇಮನ್ನ ಎರಡು ತುಂಡು ಮಾಡಿ ಮೊದಲಿನ ತುಂಡು ಮಾರಿದ ರೊಕ್ಕದಾಗ ಎರಡನೇದ್ದು ಮಾಡಿದ್ರು.

ಎಂಟು ಪಟ್ಟು ಬಂದ್ರೂ ಯಾಕ ಸಾಲಲಿಲ್ಲ? ನನ್ನ ಅನುಭವದಾಗ ಈ ಇಡೀ ವ್ಯವಹಾರದ ರೋಗ ಇಲ್ಲೇ ಅದ. ಪಟ್ಟಿ ಜೋರು ಎದ್ದಂಗ ಮಾತೂ ಜೋರು ಆಗ್ತಾವ. ಗುಡಿಗೆ ಬರೇ ಗಾಲಿ ಅಂತ ಶುರು ಮಾಡಿದ್ದು ಹಂಗಾರ ಕಳಸನೂ ಮಾಡ್ಸೋಣ, ಮುಂದ ಕಮಾನೂ ಕಟ್ಟೋಣ, ಅಲ್ಲೇ ಒಂದು ಕಲ್ಯಾಣ ಮಂಟಪ... ಗೇಮಿನಾಗ ಇದಕ್ಕ ಸ್ಟ್ರೆಚ್ ಗೋಲ್ ಅಂತಾರ. ಪಿಲ್ಲರ್ಸ್‌ನಾಗ 30 ಲಕ್ಷ ಆದ್ರ ಆಟಗಾರಗ ಒಂದು ಕ್ವಾಟಿ, 35 ಲಕ್ಷ ಆದ್ರ ಎರಡನೇ ದೊಡ್ಡ ಊರು ಅಂದ್ರು, ಕೊಡೋ ಮಂದಿ ಏರಿದಂಗ ನೆಲಮಾಳಿಗೆ ಒಂದೊಂದೇ ಅಂತಸ್ತು ಇಳಕೋತ ಹೋಗಿ ಹದಿನೈದು ಅಂತಸ್ತು ಆಯ್ತು. ಕೊಟ್ಟ ಮಾತು ಉಳಿಸ್ಕೊಂಡ್ರು, ಸುಳ್ಳು ಹೇಳಂಗಿಲ್ಲ. ಆದ್ರ ಆ ಕ್ವಾಟಿಯಾಗ ಮಾಡಾಕ ಏನು ಅದ ಹೇಳ್ರಿ, ರಿಪೇರಿಗೆ ರೊಕ್ಕ ಹಾಕೋದು, ದಿನ ಎಣಿಸೋದು. ಎರಡನೇ ಊರಿಗೆ ಹೋಗೋದ್ರಾಗ ಕಥಿಯ ಕಾವು ಇಳದಿತ್ತು. ಪಟ್ಟಿ ಎತ್ತೋವಾಗ ಜಾಹೀರಾತಿಗೆ ಬೇಕಾಗಿದ್ದ ಊರು ಅದು, ಕಥಿಗೆ ಬೇಕಾಗಿದ್ದ ಊರು ಅಲ್ಲ ಅಂತ ಆಡೋವಾಗ ಗೊತ್ತಾಗ್ತದ.

ಇನ್ನೊಂದು ಮಜಾ ಹೇಳ್ತೀನಿ. ನಮ್ಮ ಕಡಿ ಗುಡಿಯಾಗ ಸೀಲಿಂಗ್ ಫ್ಯಾನ್ ರೆಕ್ಕಿ ಮ್ಯಾಲ ಇಂಥವರ ಸ್ಮರಣಾರ್ಥ ಅಂತ ಬರ್ದಿರ್ತಾರಲ್ರಿ, ಟ್ಯೂಬ್‌ಲೈಟಿಗೂ ಬಿಡಂಗಿಲ್ಲ, ಅರ್ಧ ಬೆಳಕು ಹೆಸರಿಗೇ ಹೋಗ್ತದ. ಪಿಲ್ಲರ್ಸ್‌ದಾಗೂ ಹಂಗೇ, ಹೆಚ್ಚು ರೊಕ್ಕ ಕೊಟ್ಟವರಿಗೆ ತಮ್ಮದೊಂದು ಪಾತ್ರ ಬರ್ದು ಗೇಮಿನಾಗ ಇಡೋ ಅವಕಾಶ ಇತ್ತು. ಊರಿಗೆ ಕಾಲಿಟ್ರ ಬೀದಿ ತುಂಬ ಬಂಗಾರ ಬಣ್ಣದ ಹೆಸರಿನವರು ನಿಂತಿರ್ತಾರ, ಮುಟ್ಟಿದ್ರ ಒಂದು ಪುಟ ಕಥಿ, ಅದಕ್ಕೂ ಗೇಮಿನ ಕಥಿಗೂ ಸಂಬಂಧ ಇಲ್ಲ. ಹೊಸದಾಗಿ ಆಡೋರು ಇದೆಲ್ಲಾ ಮುಖ್ಯ ಇರಬೇಕು ಅಂತ ಒಬ್ಬೊಬ್ಬರದೂ ಓದಿ ತಲಿ ಕೆಡಸ್ಕೋತಾರ. ನಾನೇ ಎರಡು ದಿನ ಓದೀನ್ರಿ, ರೊಕ್ಕ ಕೊಟ್ಟವ ಆಗಿದ್ರೂ! ಆಮ್ಯಾಲ ಬಂಗಾರ ಹೆಸರು ಕಂಡ್ರ ಫ್ಯಾನ್ ಅಂತ ತಿಳ್ಕೊಂಡು ಮುಂದ ಹೊಂಟೆ, ಗೇಮು ಛಲೋ ಆಯ್ತು. ಹೌದು, ಇಷ್ಟೆಲ್ಲಾ ಬೈದ್ರೂ ಪಿಲ್ಲರ್ಸ್ ಛಲೋ ಗೇಮೇ, ಕೊಟ್ಟ ರೊಕ್ಕಕ್ಕ ನನಗ ದುಃಖ ಇಲ್ಲ.

ಮಾತು ಜಾಸ್ತಿ ಆಗಿ ಪೆಟ್ಟು ತಿಂದದ್ದು ಟಾರ್ಮೆಂಟ್ ಟೈಡ್ಸ್ ಆಫ್ ನ್ಯುಮೆನೆರಾ ಅನ್ನೋ ಗೇಮು. 2013ರ ಮಾರ್ಚ್‌ನಾಗ 9 ಲಕ್ಷ ಕೇಳಿದ್ರು, ಆರೇಳು ತಾಸಿನಾಗ ಬಂತು, ಒಟ್ಟು 41 ಲಕ್ಷ 88 ಸಾವಿರ. 2014ರ ಡಿಸೆಂಬರ್‌ಗೆ ಕೊಡ್ತೀವಿ ಅಂದವರು ಕೊಟ್ಟದ್ದು 2017ರ ಫೆಬ್ರುವರಿಗೆ. ಜಗಳ ಹ್ಯಾಂಗ ಇರ್ಬೇಕು, ನಿಂತು ನಿಂತು ಆಡೋದೋ ಸರದಿ ಮ್ಯಾಲ ಆಡೋದೋ ಅಂತ ರೊಕ್ಕ ಕೊಟ್ಟವರ ಹತ್ರ ಓಟ್ ಹಾಕ್ಸಿದ್ರು, ಸರದಿ ಕಟ್ಟಿನವರು ಸ್ವಲ್ಪದರಾಗ ಗೆದ್ರು, ಸೋತವರು ಅವತ್ತಿಂದಾನೇ ಮೂಗು ಮುರೀತಾ ಕುಂತ್ರು. ಕೊನಿಗೆ ಬಿಡುಗಡೆ ಹತ್ರ ಬಂದಾಗ ಮಾತು ಕೊಟ್ಟ ಸಂಗಾತಿ ಪಾತ್ರಗಳಾಗ ಕೆಲವು ಇಲ್ಲ, ಇಟಾಲಿಯನ್ ಭಾಷಾದಾಗ ತರ್ತೀವಿ ಅಂದದ್ದು ಇಲ್ಲ ಅಂತ ಹೊರಗ ಬಿತ್ತು. ಬಿಟ್ಟದ್ದು ತಪ್ಪಲ್ರಿ, ಗೇಮ್ ಮಾಡೋರು ಯಾವಾಗ್ಲೂ ಕತ್ತರಿಸ್ತಾರ, ನಾನು ಟೆಸ್ಟಿಂಗ್ ಮಾಡೋವಾಗ ಇಡೀ ಲೆವೆಲ್ ಕಸದ ಬುಟ್ಟಿಗೆ ಹೋಗಿದ್ದು ಕಣ್ಣಾರೆ ನೋಡೀನಿ. ಬಿಟ್ಟದ್ದನ್ನ ಪಟ್ಟಿ ಕೊಟ್ಟವರಿಗೆ ಮುಂಚೆ ಹೇಳದೇ ಇದ್ದದ್ದು ತಪ್ಪು.

ಅದಕ್ಕ ನನಗ ಶ್ಯಾಡೋರನ್ ಅನ್ನೋ ಗೇಮಿನ ಮಂದಿ ಸೇರ್ತಾರ. 2012ರ ಏಪ್ರಿಲ್‌ನಾಗ 4 ಲಕ್ಷ ಕೇಳಿದ್ರು, 18 ಲಕ್ಷ ಬಂತು, 2013ರ ಜುಲೈಗೆ ಗೇಮ್ ಕೈಯಾಗ ಇಟ್ರು. ಸಣ್ಣದು, ಬೇಕಾದಲ್ಲಿ ಸೇವ್ ಮಾಡಾಕ ಬರ್ತಿದ್ದಿಲ್ಲ, ಮಂದಿ ಬೈದ್ರು, ನಾನೂ ಬೈದೆ. ಆದ್ರ ಕೊಟ್ಟ ಮಾತಿನಾಗೇ ಇದ್ದ ಬರ್ಲಿನ್ ಊರಿನ ಕಥಿ, ಡ್ರ್ಯಾಗನ್‌ಫಾಲ್ ಅಂತ, ಮರು ವರ್ಷ ಬಂತು ನೋಡ್ರಿ, ಮೊದಲಿನದ್ದರಾಗ ಕಲ್ತದ್ದೆಲ್ಲಾ ಅದರಾಗ ಹಾಕಿದ್ರು. ಸಣ್ಣ ಹೊಲ, ಸರಿಯಾಗಿ ಹರಗಿದ್ದು.

ಲೇರಿಯನ್ ಕಥಿ ನಿಮಗ ಗೊತ್ತೇ ಇರ್ಬೇಕು. ಬೆಲ್ಜಿಯಂದವರು, 2013ರಾಗ ಪಟ್ಟಿಗೆ ಬಂದಾಗ ಬರೇ ಚಿತ್ರ ತೋರಿಸ್ಲಿಲ್ಲ, ಓಡೋ ಗೇಮ್ ತೋರ್ಸಿದ್ರು. 2015ರಾಗ ಡಿವಿನಿಟಿಯ ಎರಡನೇ ಭಾಗಕ್ಕ 5 ಲಕ್ಷ ಕೇಳಿ 20 ಲಕ್ಷ, 2017ಕ್ಕ ಗೇಮ್. ಆಮ್ಯಾಲ ಪಟ್ಟಿಯ ಗರಜೇ ಬೀಳ್ಲಿಲ್ಲ, ಬಾಲ್ಡರ್ಸ್ ಗೇಟ್ 3 ಮೂರು ವರ್ಷ ಅರ್ಲಿ ಆಕ್ಸೆಸ್‌ದಾಗ ಇಟ್ಟು 2023ರ ಆಗಸ್ಟ್ 3ಕ್ಕ ಪೂರ್ತಿ ಬಿಟ್ರು, ಆ ವರ್ಷದ ದೊಡ್ಡ ಪ್ರಶಸ್ತಿ ಎಲ್ಲಾ ಅದಕ್ಕೇ. ನಮ್ಮ ಮೂರನೇ ಸಿಡಿ ಒರೆಸಿದ ಗೇಮಿನ ಮೊಮ್ಮಗ ಇದು ಅಂದ್ರ ನಂಬಾಕ ಆಗಂಗಿಲ್ಲ. ಇನ್‌ಎಕ್ಸೈಲ್, ಅಬ್ಸಿಡಿಯನ್ ಎರಡನ್ನೂ 2018ರಾಗ ಮೈಕ್ರೋಸಾಫ್ಟ್ ತಗೊಂಡಿತು. ಪಬ್ಲಿಷರ್ ಬ್ಯಾಡ ಅಂತ ಪಟ್ಟಿ ಎತ್ತಿದವರು ಜಗತ್ತಿನ ದೊಡ್ಡ ಪಬ್ಲಿಷರ್ ಮನಿಗೇ ಸೊಸಿಯಾಗಿ ಹೋದ್ರು, ಇದಕ್ಕ ನಗ್ಬೇಕೋ ಅಳ್ಬೇಕೋ ನೀವೇ ಹೇಳ್ರಿ.

ಇನ್ನ ಹಳೇ ಹೆಸರಿನ ಮ್ಯಾಲಿನ ನಂಬಿಕಿ. ನೀವು ಕೇಳೋ ಟೀಮಿನಾಗ ಆ ಕಾಲದ ಮಂದಿನೇ ಅದಾರಂತ ಬರ್ದೀರಿ. 2012ರ ಅಕ್ಟೋಬರ್‌ನಾಗ ಇಬ್ಬರು ಖರೇನೇ ದೊಡ್ಡ ಹಳಬರು ಹಳೇ ಶಾಲೆ ಆರ್‌ಪಿಜಿ ಅಂತ 10 ಲಕ್ಷ ಕೇಳಿದ್ರು, ಗೇಮ್ ಯಾವುದು, ಕಥಿ ಏನು ಅಂತ ಸರಿ ಹೇಳ್ಲೇ ಇಲ್ಲ, ಮಂದಿ ಕೈ ಬಿಚ್ಚಲಿಲ್ಲ, ಅವರೇ ನಡುವ ಬಂದ್ ಮಾಡಿದ್ರು. ಅಲ್ಟಿಮಾ ಅಂಡರ್‌ವರ್ಲ್ಡ್ ಅನ್ನೋ ಹಳೇ ಗೇಮ್ ಮಾಡಿದವರು 2015ರಾಗ ಎತ್ತಿದ ಪಟ್ಟಿಯ ಗೇಮು 2018ರಾಗ ಬಗ್ (ದೋಷ) ತುಂಬ್ಕೊಂಡು ಬಂತು, ಆಡಿದವರು ಭಾಳ ನೊಂದ್ಕೊಂಡ್ರು. ಇಪ್ಪತ್ತು ವರ್ಷದ ಹಿಂದ ಛಲೋ ಹೋಳಿಗಿ ಮಾಡ್ತಿದ್ದವರು ಇವತ್ತೂ ಮಾಡ್ತಾರ ಅನ್ನೋದಕ್ಕ ಹೆಸರು ಸಾಕಾಗಂಗಿಲ್ಲ, ಈಗಿನ ಒಲಿ ಮ್ಯಾಲ ಮಾಡಿದ್ದು ಒಂದು ತುಂಡಾದ್ರೂ ತಿನ್ಬೇಕು. ನಮ್ಮ ದೇಶದ್ದೂ ಒಂದು ಹೇಳ್ತೀನಿ, ಪುಣೆಯವರ ರಾಜಿ ಅನ್ನೋ ಗೇಮು, ಆರ್‌ಪಿಜಿ ಅಲ್ಲ ಬಿಡ್ರಿ, 2017ರಾಗ ಕಿಕ್‌ಸ್ಟಾರ್ಟರ್‌ದಾಗ ಗುರಿ ಮುಟ್ಲಿಲ್ಲ, ಹಟ ಬಿಡದೇ 2020ರಾಗ ಗೇಮ್ ತಂದೇ ತಂದ್ರು. ಪಟ್ಟಿ ಬಿದ್ರೂ ಗೇಮ್ ಏಳ್ತದ, ಪಟ್ಟಿ ಎದ್ರೂ ಗೇಮ್ ಬೀಳ್ತದ.

ಹಳೇ ರುಚಿ ಬರ್ತದೇನು ಅಂತ ಕೇಳಿದ್ರಿ. ಒಂದು ನೆನಪು ಮಾಡ್ಕೋರಿ. ಬಾಲ್ಡರ್ಸ್ ಗೇಟ್‌ನಾಗ ಆರ್ಮರ್ ಕ್ಲಾಸ್ ಅಂತ ಒಂದು ಅಂಕಿ ಇತ್ತು, ಆರ್ಮರ್ ಅಂದ್ರ ಕವಚ, ಅದು ಎಷ್ಟು ಕಾಯ್ತದ ಅನ್ನೋ ಲೆಕ್ಕ, ಬರೀ ಮೈಗೆ 10, ಚೈನ್ ಮೇಲ್ ಕವಚ ಹಾಕಿದ್ರ 5, ಪ್ಲೇಟ್ ಕವಚ ಹಾಕಿದ್ರ 3. ಇಳದಂಗ ಛಲೋ. ಡುಪ್ಲಿಕೇಟ್ ಸಿಡಿ ಸಂಗಟ ಪುಸ್ತಕ ಬರ್ತಿದ್ದಿಲ್ಲ, ನಮಗೇನು ಗೊತ್ತು? 10 ಇದ್ದದ್ದು 5 ಆಯ್ತಲ್ಲೋ, ಈ ಅಂಗಡಿಯವ ಹಳೇ ಮಾಲು ಕೊಟ್ಟಾನ ಅಂತ ನಮ್ಮ ಹುಡುಗರು ತುಟ್ಟಿ ಆರ್ಮರ್ ಕಳಚಿ ಮಾರಿ ಬರೀ ಮೈಲೇ ಜಗಳಕ್ಕ ಹೋಗ್ತಿದ್ರು, ತೋಳ ಬಂದು ಕಡದು ಹಾಕ್ತಿತ್ತು, ಎರಡು ವಾರ ಹಿಂಗೇ ಸತ್ತೀವಿ. ಈಗ ನೆನಸ್ಕೊಂಡ್ರ ನಗು ಬರ್ತದ, ಆದ್ರ ಇವತ್ತು ಯಾವುದಾರ ಗೇಮ್ ನನಗ ಹಂಗ ಎರಡು ವಾರ ಸತಾಯಿಸಿದ್ರ ಮೊದಲಿನ ದಿನಾನೇ ತಗದು ಹಾಕ್ತೀನಿ. ನಿಮಗೂ ಶಿಫ್ಟ್ ಮುಗಿಸ್ಕೊಂಡು ಬಂದ ಮ್ಯಾಲ ರಾತ್ರಿ ಒಂದು ತಾಸು ಸಿಕ್ರ ಹೆಚ್ಚು. ಗೇಮು ಬರಬಹುದು, ಹಿಂದ ನಿಂತು ಮೂರನೇದ್ದು ಒತ್ತಲೇ ಅನ್ನೋ ನಾಕು ಮಂದಿ ಎಲ್ಲಿಂದ ಬರ್ತಾರ?

ಹಂಗಾರ ನಿಮ್ಮ 60 ಡಾಲರ್. 5 ಸಾವಿರ ದಾಟ್ತದ, ಬ್ಯಾಂಕಿನವರ ಫಾರಿನ್ ಚಾರ್ಜ್ ಬ್ಯಾರೆ. ಆ ಪೇಜ್ ತಗದು ಓಡೋ ಗೇಮಿನ ವೀಡಿಯೋ ಅದ ಏನು ನೋಡ್ರಿ, ಬರೇ ಚಿತ್ರ ಮತ್ತ ಹಳೇ ಹೆಸರು ಇದ್ರ ಬಿಡ್ರಿ. ಬಾಕಿ ರೊಕ್ಕ ಎಲ್ಲಿಂದ ಅಂತ ಬರ್ದಾರ ಏನು, ಸ್ಟ್ರೆಚ್ ಗೋಲ್‌ನಾಗ ಊರು, ದ್ವೀಪ, ಮಲ್ಟಿಪ್ಲೇಯರ್ ಅಂತ ಬೆಳೀತಾ ಹೊಂಟದೋ, ಇಲ್ಲಾ ಇದ್ದದ್ದನ್ನೇ ಚಂದ ಮಾಡ್ತೀವಿ ಅಂದಾರೋ. ಹೇಳಿದ ತಾರೀಖಿಗೆ ಒಂದೂವರಿ ವರ್ಷ ಕೂಡಸ್ಕೋರಿ. ಇಷ್ಟಾದ ಮ್ಯಾಲೂ ಮನಸ್ಸು ಕೇಳ್ಲಿಲ್ಲಂದ್ರ ಡಬ್ಬಿ ಬ್ಯಾಡ, ಬರೇ ಡಿಜಿಟಲ್ ಕಾಪಿಯ ಸಣ್ಣ ಪಟ್ಟಿ ಹಾಕ್ರಿ. ಡಬ್ಬಿ ಆಸೆಗೆ ನಾನು ಒಂದು ಕಡಿ ಹೆಚ್ಚಿಗಿ ಕೊಟ್ಟಿದ್ದೆ, ಯಾರು ಅಂತ ಹೇಳಂಗಿಲ್ಲ, ಮೂರು ವರ್ಷಕ್ಕ ಬಂತು, ಬಾಗಿಲಿಗೆ ಬಂದ ಪೋಸ್ಟ್‌ಮನ್ ಕಸ್ಟಮ್ಸ್ ಡ್ಯೂಟಿ ಕೊಡ್ರಿ ಅಂದ, ಕೊಟ್ಟೆ. ಬಿಚ್ಚಿದ್ರ ಮೂಲಿ ನುಗ್ಗಾದ ಡಬ್ಬಿ, ಒಳಗ ಚಂದನ್ನ ಡಿವಿಡಿ. ಅಷ್ಟೊತ್ತಿಗೆ ನನ್ನ ಲ್ಯಾಪ್‌ಟಾಪಿಗೆ ಡಿವಿಡಿ ಡ್ರೈವೇ ಇದ್ದಿಲ್ಲ. ಈಗ ಅದು ಶೋಕೇಸಿನಾಗ ಅದ, ನಮ್ಮವ್ವ ಅದರ ಮ್ಯಾಲ ಔಷಧ ಬಾಟ್ಲಿ ಇಡ್ತಾಳ.

ನನ್ನ ಕೇಳಿದ್ರ ಈ ಪಟ್ಟಿ ಬಿಟ್ಟು, ಗೇಮು ಬಂದ ಮ್ಯಾಲ ಆರು ತಿಂಗಳು ತಡದು ತಗೋರಿ, ಅಷ್ಟೊತ್ತಿಗೆ ಬಗ್ ಎಲ್ಲಾ ತಗದಿರ್ತಾರ, ರೇಟೂ ಇಳದಿರ್ತದ. ಮಗನ ಸಂಗಟ ಆಡಾಕ ಅಂತೀರಿ ಅಂದ್ರ ಇವತ್ತೇ ಸಿಗೋ ಡಿವಿನಿಟಿ ಒರಿಜಿನಲ್ ಸಿನ್ ಎನ್‌ಹಾನ್ಸ್ಡ್ ಎಡಿಷನ್ ತಗೋರಿ, ಸೇಲ್‌ನಾಗ ಅಗ್ಗ ಬೀಳ್ತದ. ಮೊದಲು ನೀವೊಬ್ರೇ ನಾಕು ದಿನ ಆಡಿ ಹುಡುಗಗ ಕೊಡೋವಂಥದ್ದು ಹೌದೋ ಅಲ್ಲೋ ನೋಡ್ಕೋರಿ, ರಕ್ತ ಗಿಕ್ತ ಅದ. ಅದರಾಗ ನಾಯಕರೇ ಇಬ್ಬರು, ಎರಡು ಕಂಟ್ರೋಲರ್ ಹಚ್ಚಿದ್ರ ಒಂದೇ ಟಿವಿಯಾಗ ಪರದಾ ಎರಡು ಭಾಗ ಮಾಡಿ ಒಬ್ಬನ್ನ ನೀವು ಒಬ್ಬನ್ನ ಅವ ಆಡಿಸ್ಬಹುದು. ಕಥಿಯಾಗ ಕಳ್ಳನ್ನ ಬಿಡೋದೋ ಹಿಡಿಯೋದೋ ಅಂಥಾ ಮಾತಿಗೆ ಇಬ್ಬರದೂ ಒಂದೊಂದು ಕಡಿ ಆಯ್ತು ಅಂದ್ರ ಗೇಮೇ ನಡುವ ಬಂದು ಕಲ್ಲು ಕಾಗದ ಕತ್ರಿ ಆಡಿಸ್ತದ, ಗೆದ್ದವನ ಮಾತೇ ಕಡೀ ಮಾತು. ಇಂಗ್ಲಿಷ್ ಸಾಲು ಓದೋ ಕೆಲಸ ಮಗಗ ಹಚ್ರಿ, ಅರ್ಥ ನೀವು ಹೇಳ್ರಿ.